ಒಪ್ಪಂದಕ್ಕೆ ಸಹಿ ಹಾಕಿದ ದೇಶ ಗಡೀಪಾರು ಮಾಡಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ವೀಸಾ ರದ್ದಾದವರು, ಗಡೀಪಾರಿನ ನೋಟಿಸ್ ಬಂದವರು, ಅವರ ಮನೆಯವರು ಒಂದು ಮಾತನ್ನು ಕೇಳಿಯೇ ಕೇಳುತ್ತಾರೆ: ಈ ದೇಶ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕಿದೆಯಲ್ಲ, ಮತ್ತೆ ಹೇಗೆ ಕಳಿಸುತ್ತಾರೆ? ಸಹಿ ಹಾಕಿದ್ದು ನಿಜ, ಕಳಿಸುವುದೂ ನಿಜ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಎನ್ನುವುದು ಇಲ್ಲಿರುವ ವಿಷಯ. ಭಾರತದ ಜೊತೆಗೆ, ನಮ್ಮವರು ಜಾಸ್ತಿ ಹೋಗಿ ನೆಲೆಸಿರುವ ಆಸ್ಟ್ರೇಲಿಯಾ, ಕೆನಡಾ, ಬ್ರಿಟನ್‌ಗಳ ಕೋರ್ಟುಗಳು ಏನು ಹೇಳಿವೆ ಎಂದೂ ನೋಡೋಣ. ಇದು ಓದಿ ತಿಳಿದುಕೊಳ್ಳಲು ಮಾತ್ರ. ನಿಮ್ಮದೇ ಕೇಸಿಗೆ ಆ ದೇಶದ ವಕೀಲರೇ ಬೇಕು.

ಸಹಿ ಹಾಕಿದ ಮೇಲೆ ಒಪ್ಪಂದ ಆ ದೇಶದ ಕಾನೂನಾದ ಹಾಗೆಯೇ ಅಲ್ವಾ?

ಅಲ್ಲ. ಮೊದಲನೆಯದಾಗಿ, ಸಹಿ ಬೇರೆ, ಅನುಮೋದನೆ ಬೇರೆ. ಚಿತ್ರಹಿಂಸೆ ವಿರುದ್ಧದ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು. ಅನುಮೋದನೆ ಇನ್ನೂ ಆಗಿಲ್ಲ. ಸಹಿ ಹಾಕಿದ ದೇಶ ಒಪ್ಪಂದದ ಉದ್ದೇಶಕ್ಕೇ ಧಕ್ಕೆ ತರುವ ಹಾಗೆ ನಡೆಯಬಾರದು, ಅಷ್ಟೇ. ಅನುಮೋದನೆ ಆದ ಮೇಲೆ ಅದನ್ನು ಪೂರ್ತಿ ಪಾಲಿಸುವ ಹೊಣೆ ಬರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಅನುಮೋದನೆ ಆದರೂ ಆ ಹೊಣೆ ದೇಶ ದೇಶಗಳ ನಡುವಿನದು. ಭಾರತ, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಒಪ್ಪಂದ ತಾನಾಗಿಯೇ ಒಳಗಿನ ಕಾನೂನು ಆಗುವುದಿಲ್ಲ. ಸಂಸತ್ತು ಅದಕ್ಕಾಗಿ ಕಾಯ್ದೆ ಮಾಡಬೇಕು. ಕಾರಣ ಸರಳ. ಒಪ್ಪಂದ ಮಾಡುವುದು ಸರ್ಕಾರ, ಕಾನೂನು ಮಾಡುವುದು ಸಂಸತ್ತು. ಸಹಿಯೇ ಕಾನೂನಾಗುವುದಾದರೆ ಮಂತ್ರಿಗಳು ಸಂಸತ್ತನ್ನು ಬಿಟ್ಟು ಕಾನೂನು ಮಾಡಿದ ಹಾಗಾಗುತ್ತದೆ.

ನಮ್ಮ ಸಂವಿಧಾನದ 51ನೇ ವಿಧಿ ಅಂತರರಾಷ್ಟ್ರೀಯ ಕಾನೂನನ್ನೂ ಒಪ್ಪಂದಗಳನ್ನೂ ಗೌರವಿಸುವ ಮಾತಾಡುತ್ತದೆ. ಆದರೆ ಅದು ರಾಜ್ಯ ನೀತಿ ನಿರ್ದೇಶಕ ತತ್ವ, ಅದನ್ನೇ ಹಿಡಿದು ಕೋರ್ಟಿಗೆ ಹೋಗಲಾಗದು. ಒಪ್ಪಂದವನ್ನು ಜಾರಿಗೆ ತರಲು ಕಾಯ್ದೆ ಮಾಡುವ ಅಧಿಕಾರ 253ನೇ ವಿಧಿಯಲ್ಲಿ ಸಂಸತ್ತಿಗಿದೆ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನೇ ಸ್ಪಷ್ಟವಾಗಿ ಹೇಳಿದರು. ಅದು ವಲಸೆಯ ಕೇಸಲ್ಲ, ಬ್ಯಾಂಕ್ ಸಾಲ ತೀರಿಸದವರನ್ನು ಜೈಲಿಗೆ ಹಾಕಬಹುದೇ ಎಂಬ ಕೇಸು. ಕಾನೂನು ಬದಲಾಗುವ ತನಕ ಕೋರ್ಟು ಒಪ್ಪಂದವನ್ನು ನೇರವಾಗಿ ಜಾರಿ ಮಾಡಲಾಗದು ಎಂದರು. ಹಾಗೆಂದು ಕೈಚೆಲ್ಲಲಿಲ್ಲ. ಇರುವ ಸೆಕ್ಷನ್ನನ್ನೇ ಒಪ್ಪಂದಕ್ಕೆ ಹೊಂದುವ ಹಾಗೆ ಬಿಗಿಯಾಗಿ ಓದಿದರು. ದುಡ್ಡಿದ್ದೂ ಕೊಡದವನು ಬೇರೆ, ಇಲ್ಲದೆ ಕೊಡಲಾಗದವನು ಬೇರೆ ಎಂದರು.

ನೇರವಾಗಿ ಜಾರಿ ಆಗದಿದ್ದರೆ ಒಪ್ಪಂದ ಸುಮ್ನೆ ಕಾಗದ ಅಷ್ಟೇನಾ?

ಈ ಪ್ರಶ್ನೆ 1990ರ ದಶಕದಲ್ಲಿ ನ್ಯೂಜಿಲೆಂಡಿನ ಮೇಲ್ಮನವಿ ಕೋರ್ಟಿನ ಮುಂದೆಯೂ ಬಂತು. ಸಮೋವಾ ದೇಶದ ಒಬ್ಬ ತಂದೆಯನ್ನು ಗಡೀಪಾರು ಮಾಡುವ ವಿಷಯ, ತವಿಟಾ ಪ್ರಕರಣ. ಮಗು ನ್ಯೂಜಿಲೆಂಡಿನಲ್ಲೇ ಹುಟ್ಟಿದ್ದು. ಒಪ್ಪಂದಗಳನ್ನು ಅಧಿಕಾರಿಗಳು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದರೂ ನಡೆಯುತ್ತದೆ ಎಂಬ ವಾದ ಕೋರ್ಟಿಗೆ ಹಿಡಿಸಲಿಲ್ಲ. ಹಾಗಾದರೆ ದೇಶ ಅವುಗಳಿಗೆ ಸೇರಿದ್ದು ಸ್ವಲ್ಪವಾದರೂ ತೋರಿಕೆಗೆ ಎಂದಾಗುತ್ತದಲ್ಲ ಎಂದು ನ್ಯಾಯಮೂರ್ತಿ ಕುಕ್ 1993ರ ಡಿಸೆಂಬರ್‌ನ ತೀರ್ಪಿನಲ್ಲಿ ಕುಟುಕಿದರು.

ಒಪ್ಪಂದ ಮುಂಬಾಗಿಲಿನಿಂದ ಬರುವುದು ಅಪರೂಪ. ಬಂದರೆ ಪಕ್ಕದ ಬಾಗಿಲಿನಿಂದ. ಕೆಲವು ಸಲ ಸಂಸತ್ತೇ ಅದರ ಸಾಲುಗಳನ್ನು ಕಾಯ್ದೆಯಲ್ಲಿ ಬರೆಯುತ್ತದೆ. ಕೆಲವು ಸಲ ಕಾಯ್ದೆಯ ಮಾತಿಗೆ ಎರಡು ಅರ್ಥ ಬಂದಾಗ ನ್ಯಾಯಾಧೀಶರು ಒಪ್ಪಂದಕ್ಕೆ ಹೊಂದುವ ಅರ್ಥವನ್ನು ಆರಿಸುತ್ತಾರೆ. ಕಾಯ್ದೆಯೇ ಇಲ್ಲದ ಕಡೆ ಒಪ್ಪಂದದಿಂದ ಖಾಲಿ ಜಾಗ ತುಂಬಿದ್ದೂ ಇದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ 1997ರ ವಿಶಾಖಾ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮಾಡಿದ್ದು ಅದನ್ನೇ. ವಲಸೆ ಕೇಸುಗಳಲ್ಲಿ ಹೆಚ್ಚು ಕೆಲಸ ಮಾಡುವುದು ಇನ್ನೊಂದು ದಾರಿ: ಅಧಿಕಾರಿ ನಿರ್ಧಾರಕ್ಕೆ ಬಂದ ರೀತಿಯೇ ಸರಿಯಿಲ್ಲ ಎನ್ನುವುದು. ಅದಕ್ಕೆ ಆಸ್ಟ್ರೇಲಿಯಾದ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಟಿಯೋ ಪ್ರಕರಣ ಎಂದು ಎಲ್ಲರೂ ಹೇಳುತ್ತಾರಲ್ಲ, ಅದರಲ್ಲಿ ಆಗಿದ್ದೇನು?

ಟಿಯೋ ಮಲೇಷ್ಯಾದವರು. 1988ರಲ್ಲಿ ಆಸ್ಟ್ರೇಲಿಯಾಕ್ಕೆ ಬಂದು, ತೀರಿಹೋದ ಅಣ್ಣತಮ್ಮಂದಿರಲ್ಲಿ ಒಬ್ಬರ ಸಂಗಾತಿಯಾಗಿದ್ದ ಆಸ್ಟ್ರೇಲಿಯಾದ ಮಹಿಳೆಯನ್ನು ಮದುವೆಯಾದರು. ಮನೆ ತುಂಬ ಚಿಕ್ಕ ಮಕ್ಕಳು, ಕೆಲವರು ಆಕೆಯ ಮೊದಲಿನ ಮಕ್ಕಳು, ಕೆಲವರು ಇವರಿಬ್ಬರ ಮಕ್ಕಳು. 1990ರಲ್ಲಿ ಹೆರಾಯಿನ್ ಕೇಸಿನಲ್ಲಿ ಟಿಯೋಗೆ ಆರು ವರ್ಷ ಶಿಕ್ಷೆ ಆಯಿತು. ಹೆಂಡತಿಗೂ ಆ ಚಟವಿತ್ತು. ನಡತೆ ಸರಿಯಿಲ್ಲ ಎಂದು ವಲಸೆ ಇಲಾಖೆ ಕಾಯಂ ವಾಸದ ಅನುಮತಿ ಕೊಡಲಿಲ್ಲ. ಗಡೀಪಾರಿನ ಆದೇಶ ಬಂತು.

ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಆಸ್ಟ್ರೇಲಿಯಾ ಅನುಮೋದಿಸಿದ್ದು 1990ರ ಡಿಸೆಂಬರ್‌ನಲ್ಲಿ. ಮಕ್ಕಳಿಗೆ ಸಂಬಂಧಿಸಿದ ಯಾವ ನಿರ್ಧಾರದಲ್ಲೂ ಮಗುವಿನ ಹಿತವನ್ನು ಒಂದು ಪ್ರಮುಖ ವಿಷಯವಾಗಿ ನೋಡಬೇಕು ಎಂದು ಅದರ 3ನೇ ವಿಧಿ ಹೇಳುತ್ತದೆ. ಅದನ್ನು ಒಳಗಿನ ಕಾನೂನಾಗಿ ಮಾಡುವ ಕಾಯ್ದೆ ಬಂದಿರಲಿಲ್ಲ. ಆದರೂ 1995ರ ಏಪ್ರಿಲ್ 7ರಂದು ಅಲ್ಲಿನ ಅತ್ಯುನ್ನತ ಕೋರ್ಟು ನಾಲ್ಕು-ಒಂದರ ಬಹುಮತದಿಂದ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು.

ಕೋರ್ಟು ಹೇಳಿದ್ದು ಚುಟುಕಾಗಿ ಹೀಗಿದೆ. ಒಪ್ಪಂದದ ಅನುಮೋದನೆ ಎಂದರೆ ಸರ್ಕಾರ ಜಗತ್ತಿಗೂ ತನ್ನ ಜನರಿಗೂ ಕೊಟ್ಟ ಮಾತು. ಅಧಿಕಾರಿಗಳು ಅದರಂತೆ ನಡೆಯುತ್ತಾರೆ ಎಂದು ಜನ ನಂಬಬಹುದು. ಅದನ್ನು ಮೀರಿ ನಿರ್ಧಾರ ಮಾಡುವುದಿದ್ದರೆ ಮೊದಲು ಆ ವ್ಯಕ್ತಿಗೆ ತಿಳಿಸಿ, ಅವರ ಮಾತು ಕೇಳಬೇಕು.

ಇಲ್ಲಿ ಒಂದು ವಿಷಯವನ್ನು ಜನ ಮರೆತುಬಿಡುತ್ತಾರೆ. ಟಿಯೋ ಅವರನ್ನು ಇಟ್ಟುಕೊಳ್ಳಿ ಎಂದು ಕೋರ್ಟು ಹೇಳಲಿಲ್ಲ. ಮಕ್ಕಳ ಹಿತವನ್ನು ಸರಿಯಾಗಿ ನೋಡಿ, ಮತ್ತೆ ನಿರ್ಧಾರ ಮಾಡಿ ಎಂದಿತು. ಮತ್ತೆ ನೋಡಿದಾಗಲೂ 'ಇಲ್ಲ' ಎನ್ನುವ ಅಧಿಕಾರ ಇಲಾಖೆಯ ಕೈಯಲ್ಲೇ ಇತ್ತು. ಒಪ್ಪಂದದ ಮೇಲೆ ಗೆದ್ದ ವಲಸೆ ಕೇಸುಗಳಲ್ಲಿ ಬಹಳಷ್ಟರ ಹಣೆಬರಹ ಇದೇ. ಸಿಗುವುದು ವೀಸಾ ಅಲ್ಲ, ಎರಡನೇ ಅವಕಾಶ.

ಆ ತೀರ್ಪು ಈಗಲೂ ನಡೆಯುತ್ತದೆಯೇ?

ಹೆಸರಿಗೆ ಇದೆ, ಬಲ ಹೋಗಿದೆ. ತೀರ್ಪು ಬಂದ ಸುಮಾರು ಒಂದು ತಿಂಗಳಿಗೇ, 1995ರ ಮೇ 10ರಂದು, ವಿದೇಶಾಂಗ ಮಂತ್ರಿ ಗ್ಯಾರೆತ್ ಇವಾನ್ಸ್ ಮತ್ತು ಅಟಾರ್ನಿ ಜನರಲ್ ಮೈಕಲ್ ಲವಾರ್ಚ್ ಒಂದು ಜಂಟಿ ಹೇಳಿಕೆ ಹೊರಡಿಸಿದರು. ಒಪ್ಪಂದಕ್ಕೆ ಸೇರಿದ ಮಾತ್ರಕ್ಕೆ ಯಾರೂ ಅಂಥ ನಿರೀಕ್ಷೆ ಇಟ್ಟುಕೊಳ್ಳಬಾರದು ಎನ್ನುವುದು ಅದರ ತಾತ್ಪರ್ಯ. ಜಿನೀವಾದಲ್ಲಿ ಕೊಟ್ಟ ಮಾತನ್ನು ನಮ್ಮ ಕಚೇರಿಯಲ್ಲಿ ನಂಬಬೇಡಿ ಎಂದು ಒಂದು ಸರ್ಕಾರ ಬಾಯಿಬಿಟ್ಟು ಹೇಳುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ತೀರ್ಪನ್ನು ಅಳಿಸುವ ಮಸೂದೆಗಳೂ ಬಂದವು. ಕೇಂದ್ರ ಸಂಸತ್ತಿನಲ್ಲಿ ಒಂದೂ ಪಾಸಾಗಲಿಲ್ಲ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಮಾತ್ರ 1995ರಲ್ಲೇ ತನ್ನ ಮಟ್ಟಿಗೆ ಕಾಯ್ದೆ ಮಾಡಿಕೊಂಡಿತು.

ಕೊನೆಗೆ ಕೋರ್ಟೇ ಹಿಂದೆ ಸರಿಯಿತು. 2003ರ ಲ್ಯಾಮ್ ಪ್ರಕರಣದಲ್ಲಿ ಹಲವು ನ್ಯಾಯಮೂರ್ತಿಗಳು ಟಿಯೋ ತರ್ಕವನ್ನು ಪ್ರಶ್ನಿಸಿದರು.

ಆದರೆ ಇನ್ನೊಂದು ಕಡೆಯಿಂದ ಅದೇ ಮಾತು ಒಳಗೆ ಬಂದಿದೆ. ಆಸ್ಟ್ರೇಲಿಯಾದ ವಲಸೆ ಕಾಯ್ದೆಯ 501ನೇ ಸೆಕ್ಷನ್ ಪ್ರಕಾರ, 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಆದವರು ನಡತೆ ಪರೀಕ್ಷೆಯಲ್ಲಿ ಫೇಲ್. ಅಂಥವರು ಜೈಲಿನಲ್ಲಿದ್ದರೆ 2014ರ ಡಿಸೆಂಬರ್‌ನಿಂದ ವೀಸಾ ಕಡ್ಡಾಯವಾಗಿ ರದ್ದಾಗುತ್ತದೆ. ಅದನ್ನು ವಾಪಸ್ ಕೊಡಬೇಕೇ ಎಂದು ನೋಡುವಾಗ ಅಧಿಕಾರಿಗಳು ಪಾಲಿಸಬೇಕಾದ ಮಂತ್ರಿಯ ನಿರ್ದೇಶನವೊಂದಿದೆ. ಅದರಲ್ಲಿ 18 ವರ್ಷದೊಳಗಿನ ಮಕ್ಕಳ ಹಿತವೂ ಒಂದು ಮುಖ್ಯ ಅಂಶ. ಹಾಗಾಗಿ ಇಂದು ಮೆಲ್ಬರ್ನ್‌ನಲ್ಲೋ ಸಿಡ್ನಿಯಲ್ಲೋ ಇಂಥ ಕೇಸು ನಡೆಸುವವರು ಒಪ್ಪಂದವನ್ನಲ್ಲ, ಆ ನಿರ್ದೇಶನವನ್ನು ಮೇಜಿನ ಮೇಲಿಡುತ್ತಾರೆ. ಮಂತ್ರಿ ಬದಲಾದರೆ ನಿರ್ದೇಶನವೂ ಬದಲಾಗಬಹುದು ಎನ್ನುವುದು ಬೇರೆ ಮಾತು.

ಕೆನಡಾದಲ್ಲಿ ಪರಿಸ್ಥಿತಿ ಉತ್ತಮ ಎನ್ನುತ್ತಾರೆ. ನಿಜವೇ?

ಒಂದು ಮಟ್ಟಿಗೆ ನಿಜ. ಅಲ್ಲಿ 1999ರ ಬೇಕರ್ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಪಾಠದ ಹಾಗೆ ಓದುತ್ತಾರೆ. ಜಮೈಕಾದಿಂದ ಬಂದ ಮಹಿಳೆ. ವೀಸಾ ಅವಧಿ ಮುಗಿದರೂ ಉಳಿದು ಹನ್ನೊಂದು ವರ್ಷ ಮನೆಗೆಲಸ ಮಾಡಿದರು. ನಾಲ್ಕು ಮಕ್ಕಳು ಕೆನಡಾದಲ್ಲೇ ಹುಟ್ಟಿದರು. ನಂತರ ಮಾನಸಿಕ ಕಾಯಿಲೆ ಬಂತು. ಗಡೀಪಾರಿನ ಆದೇಶವೂ ಬಂತು. ಮಾನವೀಯ ನೆಲೆಯಲ್ಲಿ ಉಳಿಸಿಕೊಳ್ಳಿ ಎಂದು ಅರ್ಜಿ ಹಾಕಿದರೆ ತಿರಸ್ಕಾರ. ಕಾರಣ ಕೇಳಿದಾಗ ಕೈಗೆ ಬಂದದ್ದು ಕೆಳ ಅಧಿಕಾರಿಯ ಟಿಪ್ಪಣಿ. ಇಷ್ಟೊಂದು ಮಕ್ಕಳು, ಕಾಯಿಲೆ, ನಮ್ಮ ಕಲ್ಯಾಣ ವ್ಯವಸ್ಥೆಗೆ ಜೀವನವಿಡೀ ಹೊರೆ, ಇಂಥ ಧಾಟಿಯಲ್ಲಿತ್ತು.

ಆ ಟಿಪ್ಪಣಿಯೇ ಸರ್ಕಾರವನ್ನು ಸೋಲಿಸಿತು. ಓದಿದ ಯಾರಿಗಾದರೂ ಅಧಿಕಾರಿ ಪೂರ್ವಗ್ರಹದಿಂದ ಬರೆದಿದ್ದಾರೆ ಎನ್ನಿಸುತ್ತದೆ ಎಂದಿತು ಸುಪ್ರೀಂ ಕೋರ್ಟು. ಮಕ್ಕಳ ಹಕ್ಕುಗಳ ಒಡಂಬಡಿಕೆ ಕೆನಡಾದ ಕಾನೂನಲ್ಲ, ಆದರೂ ಅದರ ಮೌಲ್ಯಗಳು ಕಾಯ್ದೆಯನ್ನು ಓದುವ ರೀತಿಗೆ ದಾರಿ ತೋರಿಸಬಹುದು ಎಂದು ನ್ಯಾಯಮೂರ್ತಿ ಲೂರೂ-ಡುಬೆ ಬರೆದರು. ಏಳರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಈ ಮಾತನ್ನು ಮಾತ್ರ ಒಪ್ಪಲಿಲ್ಲ. ಸಂಸತ್ತು ತರದ ಒಪ್ಪಂದವನ್ನು ನಾವು ಹಿತ್ತಲಿನಿಂದ ತಂದ ಹಾಗಾಗುತ್ತದೆ ಎಂಬ ಆತಂಕ ಅವರದು. ಆ ಆತಂಕ ಪೂರ್ತಿ ತಪ್ಪು ಎಂದು ನನಗೂ ಅನ್ನಿಸುವುದಿಲ್ಲ.

ಆಮೇಲೆ ಸಂಸತ್ತೇ ಕೆಲಸ ಸುಲಭ ಮಾಡಿತು. 2001ರ ವಲಸೆ ಮತ್ತು ನಿರಾಶ್ರಿತರ ಕಾಯ್ದೆಯಲ್ಲಿ, ಕೆನಡಾ ಸಹಿ ಹಾಕಿದ ಮಾನವ ಹಕ್ಕು ಒಪ್ಪಂದಗಳಿಗೆ ಹೊಂದುವ ಹಾಗೆ ಈ ಕಾಯ್ದೆಯನ್ನು ಓದಬೇಕು ಎಂದು ಬರೆದರು. ಮಾನವೀಯ ನೆಲೆಯ ಅರ್ಜಿಯಲ್ಲಿ ಮಗುವಿನ ಹಿತ ನೋಡಬೇಕು ಎಂದೂ ಸೇರಿಸಿದರು. 2023ರ ಮೇಸನ್ ಪ್ರಕರಣದಲ್ಲಿ ಆ ಸಾಲಿಗೆ ನಿಜವಾದ ಹಲ್ಲು ಬಂತು. ಅಪಾಯವಿರುವ ದೇಶಕ್ಕೆ ವಾಪಸ್ ಕಳಿಸಬಾರದು ಎಂಬ ನಿರಾಶ್ರಿತರ ಒಡಂಬಡಿಕೆಯ ಮಿತಿಯನ್ನು ನೋಡದೆ ಕೊಟ್ಟ ನಿರ್ಧಾರ ನಿಲ್ಲುವುದಿಲ್ಲ ಎಂದಿತು ಕೋರ್ಟು.

ಬ್ರಿಟನ್‌ನಲ್ಲಿ 'ಎಂಟನೇ ವಿಧಿ' ಎಂದು ಎಲ್ಲರೂ ಹೇಳುತ್ತಾರೆ. ಅದೇನು?

ಬ್ರಿಟನ್ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದೆ ಹೋಯಿತು. ಯುರೋಪಿನ ಮಾನವ ಹಕ್ಕು ಒಡಂಬಡಿಕೆಯನ್ನು 1998ರ ಮಾನವ ಹಕ್ಕು ಕಾಯ್ದೆಯ ಮೂಲಕ ಒಳಗಿನ ಕಾನೂನು ಮಾಡಿತು. 2000ದ ಅಕ್ಟೋಬರ್ 2ರಿಂದ ಅದು ಜಾರಿಯಲ್ಲಿದೆ. ಹಾಗಾಗಿ ಅಲ್ಲಿ ಒಪ್ಪಂದದ ವಿಧಿಯನ್ನೇ ನೇರವಾಗಿ ಹೇಳಬಹುದು.

ಎಂಟನೇ ವಿಧಿ ಖಾಸಗಿ ಬದುಕು ಮತ್ತು ಕುಟುಂಬ ಜೀವನದ ಹಕ್ಕು. ಇದು ಮಿತಿಯಿಲ್ಲದ ಹಕ್ಕಲ್ಲ, ವಲಸೆ ನಿಯಂತ್ರಣದ ಜೊತೆ ತೂಗಿ ನೋಡುತ್ತಾರೆ. ಹೇಗೆ ತೂಗಬೇಕು ಎಂದು 2014ರ ವಲಸೆ ಕಾಯ್ದೆಯಲ್ಲಿ ಸಂಸತ್ತೇ ನ್ಯಾಯಾಧೀಶರಿಗೆ ಬರೆದುಕೊಟ್ಟಿದೆ. ಅಕ್ರಮವಾಗಿ ಇದ್ದಾಗ ಬೆಳೆಸಿದ ಸಂಬಂಧಕ್ಕೆ ಕಡಿಮೆ ಬೆಲೆ. ಇಂಗ್ಲಿಷ್ ಬರುತ್ತದೆಯೇ, ಸ್ವಂತ ಕಾಲ ಮೇಲೆ ನಿಂತಿದ್ದೀರಾ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮಕ್ಕಳ ವಿಷಯದಲ್ಲಿ 2011ರ ಝಡ್‌ಎಚ್ ತೀರ್ಪು ಮುಖ್ಯ. ತಾಯಿಯ ವಲಸೆ ದಾಖಲೆ ಚೆನ್ನಾಗಿರಲಿಲ್ಲ, ಮಕ್ಕಳು ಬ್ರಿಟಿಷ್ ಪ್ರಜೆಗಳು. ತಾಯಿಯ ತಪ್ಪನ್ನು ಮಕ್ಕಳ ತಲೆಗೆ ಕಟ್ಟಬಾರದು ಎಂಬ ನಿಲುವಿನಿಂದ ಬ್ಯಾರನೆಸ್ ಹೇಲ್ ತೀರ್ಪು ಬರೆದರು.

ಅದೇ ಯುರೋಪಿನ ಒಡಂಬಡಿಕೆಯ ಮೂರನೇ ವಿಧಿ ಬೇರೆಯೇ ತರದ್ದು. ಚಿತ್ರಹಿಂಸೆ, ಅಮಾನುಷ ನಡವಳಿಕೆಯ ವಿರುದ್ಧ ಇರುವ ಈ ರಕ್ಷಣೆಯಲ್ಲಿ ತೂಗುವ ಮಾತೇ ಇಲ್ಲ. ಇದಕ್ಕೆ ಭಾರತದ ನಂಟೂ ಇದೆ. ಚಾಹಲ್ ಎಂಬ ಸಿಖ್ ಹೋರಾಟಗಾರರನ್ನು ದೇಶದ ಭದ್ರತೆಯ ಹೆಸರಲ್ಲಿ ಭಾರತಕ್ಕೆ ಕಳಿಸಲು ಬ್ರಿಟನ್ ಹೊರಟಿತ್ತು. 1996ರಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ಕೋರ್ಟು ತಡೆಯಿತು. ವ್ಯಕ್ತಿ ಎಷ್ಟೇ ಅಪಾಯಕಾರಿ ಎಂದರೂ, ಅಲ್ಲಿ ಚಿತ್ರಹಿಂಸೆಯ ನಿಜವಾದ ಅಪಾಯ ಇದ್ದರೆ ಕಳಿಸುವ ಹಾಗಿಲ್ಲ ಎಂದಿತು.

ಗಂಡನ ಸಂಬಳ ಸಾಲದು ಎಂದು ಹೆಂಡತಿಗೆ ವೀಸಾ ಕೊಡಲಿಲ್ಲ. ಇದು ಕುಟುಂಬದ ಹಕ್ಕಿಗೆ ವಿರುದ್ಧ ಅಲ್ವಾ?

ಬ್ರಿಟನ್‌ನ ಸುಪ್ರೀಂ ಕೋರ್ಟ್ 2017ರಲ್ಲಿ ಇದನ್ನು ಕೇಳಿ, ಕನಿಷ್ಠ ಆದಾಯದ ನಿಯಮ ಇಡುವುದೇ ತಪ್ಪು ಎಂದು ಹೇಳಲಿಲ್ಲ. ಆಗ ಮೊತ್ತ ವರ್ಷಕ್ಕೆ 18,600 ಪೌಂಡ್ ಇತ್ತು. ಮಕ್ಕಳ ಹಿತವನ್ನೂ ಬೇರೆ ಮೂಲದ ಹಣವನ್ನೂ ಸರಿಯಾಗಿ ನೋಡದ ರೀತಿ ಮಾತ್ರ ತಪ್ಪು ಎಂದಿತು. 2024ರ ಏಪ್ರಿಲ್‌ನಲ್ಲಿ ಮೊತ್ತ 29,000ಕ್ಕೆ ಏರಿತು. ಹಾಗಾಗಿ ಆದಾಯ ಕಡಿಮೆ ಇದ್ದರೆ 'ಹಕ್ಕು' ಎಂದು ಬರೆದರಷ್ಟೇ ಸಾಲದು. ಮಕ್ಕಳ ವಿಷಯ, ಉಳಿತಾಯದ ಹಣ, ಭಾರತಕ್ಕೆ ಬಂದು ಒಟ್ಟಿಗೆ ಬದುಕಲು ಆಗದ ಕಾರಣ, ಇವನ್ನೆಲ್ಲ ಕಾಗದದ ಮೇಲೆ ತೋರಿಸಬೇಕು.

ಅಮೆರಿಕದ ಸಂವಿಧಾನವೇ ಒಪ್ಪಂದ ದೇಶದ ಪರಮ ಕಾನೂನು ಎನ್ನುತ್ತದಲ್ಲ?

ಹೇಳುತ್ತದೆ. ಆದರೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು 1992ರಲ್ಲಿ ಅನುಮೋದಿಸುವಾಗಲೇ, ಇದು ಕಾಯ್ದೆಯಿಲ್ಲದೆ ತಾನಾಗಿ ಜಾರಿ ಆಗುವುದಿಲ್ಲ ಎಂದು ಬರೆದುಕೊಂಡರು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸಹಿ ಮಾತ್ರ ಇದೆ, ಅನುಮೋದನೆ ಇಲ್ಲ. ಎಚ್-1ಬಿ ವಿಷಯದಲ್ಲಿ ಒಪ್ಪಂದಗಳಿಂದ ಏನೂ ಸಿಗುವುದಿಲ್ಲ. ಚಿತ್ರಹಿಂಸೆಯ ಭಯವಿದ್ದವರಿಗೆ ಮಾತ್ರ ವಲಸೆ ನ್ಯಾಯಾಧೀಶರ ಮುಂದೆ ಒಂದು ದಾರಿ ಇದೆ, ಅದೂ 1998ರಲ್ಲಿ ಮಾಡಿದ ಕಾಯ್ದೆಯಿಂದ.

ಗಲ್ಫ್ ದೇಶಗಳಲ್ಲಿ?

ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಇದನ್ನು ಕೇಳುತ್ತಾರೆ. ಕುವೈತ್, ಬಹ್ರೇನ್, ಕತಾರ್ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಸೇರಿವೆ. ಸೌದಿ ಮತ್ತು ಯುಎಇ ಸೇರಿಲ್ಲ. ವಲಸೆ ಕಾರ್ಮಿಕರ ಹಕ್ಕುಗಳ 1990ರ ಒಡಂಬಡಿಕೆಗೆ ಗಲ್ಫ್‌ನವರೂ ಸೇರಿಲ್ಲ, ಭಾರತವೂ ಸೇರಿಲ್ಲ. ಅಲ್ಲಿ ಕೈಗೆ ಸಿಗುವ ಒಪ್ಪಂದ ಬೇರೆ: ಕಾನ್ಸುಲರ್ ಸಂಬಂಧಗಳ (ವಿದೇಶದಲ್ಲಿರುವ ತನ್ನ ಪ್ರಜೆಗಳಿಗೆ ದೇಶ ಕೊಡುವ ನೆರವಿನ) 1963ರ ವಿಯೆನ್ನಾ ಒಡಂಬಡಿಕೆಯ 36ನೇ ವಿಧಿ. ಬಂಧಿಸಿದರೆ ನಿಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಕುಲಭೂಷಣ್ ಜಾಧವ್ ವಿಷಯದಲ್ಲಿ ಭಾರತ 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಪಾಕಿಸ್ತಾನದ ವಿರುದ್ಧ ಗೆದ್ದದ್ದು ಇದೇ ವಿಧಿಯ ಮೇಲೆ. ಆ ಹಕ್ಕನ್ನು ಬಾಯಿಬಿಟ್ಟು ಕೇಳಿ.

ಭಾರತದಲ್ಲಿರುವ ವಿದೇಶಿಯರಿಗೆ ಯಾವ ಹಕ್ಕಿದೆ?

ಸಂವಿಧಾನದ 14 ಮತ್ತು 21ನೇ ವಿಧಿಗಳು 'ವ್ಯಕ್ತಿ'ಗೆ ಸಿಗುತ್ತವೆ. ಪ್ರಜೆಯೇ ಆಗಿರಬೇಕಿಲ್ಲ. ದೇಶದಲ್ಲಿ ಎಲ್ಲಿಯಾದರೂ ವಾಸಿಸುವ 19ನೇ ವಿಧಿಯ ಹಕ್ಕು ಮಾತ್ರ ಪ್ರಜೆಗಳಿಗೆ. ನಮ್ಮ ವಲಸೆ ತೀರ್ಪುಗಳೆಲ್ಲ ಈ ಎರಡರ ನಡುವೆ ಹಗ್ಗ ಜಗ್ಗುತ್ತವೆ.

1955ರ ಹ್ಯಾನ್ಸ್ ಮುಲ್ಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಕಡಿವಾಣವೇ ಇಲ್ಲ ಎಂದಿತು. 1937ರಿಂದ ಇಲ್ಲೇ ಇದ್ದ ಬೆಲ್ಜಿಯಂ ಮೂಲದ ಪಾದ್ರಿ ಲೂಯಿ ಡಿ ರೇಟ್ ಅವರ ವಿಷಯದಲ್ಲೂ 1991ರಲ್ಲಿ ಕೋರ್ಟು ಅದೇ ದಾರಿ ಹಿಡಿಯಿತು. ಅರ್ಧ ಶತಮಾನ ಇದ್ದರೂ ನೆಲೆಸುವ ಹಕ್ಕು ಹುಟ್ಟುವುದಿಲ್ಲ ಎಂದಾಯಿತು.

1996ರಲ್ಲಿ ಗಾಳಿ ಸ್ವಲ್ಪ ತಿರುಗಿತು. ಆಗಿನ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಕಪ್ತಾಯಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡು 1960ರ ದಶಕದಲ್ಲಿ ಬಂದಿದ್ದ ಚಕ್ಮಾ ಜನರಿಗೆ ಅರುಣಾಚಲದಲ್ಲಿ ಜಾಗ ಖಾಲಿ ಮಾಡಿ ಎಂಬ ಬೆದರಿಕೆ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ಸುಪ್ರೀಂ ಕೋರ್ಟಿಗೆ ಹೋಯಿತು. ಸುಮಾರು 65,000 ಜನರ ಜೀವ ಮತ್ತು ಸ್ವಾತಂತ್ರ್ಯ ಕಾಪಾಡುವುದು ರಾಜ್ಯದ ಹೊಣೆ ಎಂದು ಕೋರ್ಟು ಹೇಳಿತು.

ಅಪಾಯವಿರುವ ದೇಶಕ್ಕೆ ಯಾರನ್ನೂ ವಾಪಸ್ ತಳ್ಳಬಾರದು ಎಂಬ ಅಂತರರಾಷ್ಟ್ರೀಯ ನಿಯಮ 21ನೇ ವಿಧಿಯಲ್ಲೇ ಅಡಗಿದೆ ಎಂದು ಗುಜರಾತ್ ಹೈಕೋರ್ಟ್ ಇರಾಕಿನ ಇಬ್ಬರ ವಿಷಯದಲ್ಲಿ ಹೇಳಿತು. ಮಣಿಪುರ ಹೈಕೋರ್ಟ್ 2021ರ ಮೇ ತಿಂಗಳಲ್ಲಿ ಮ್ಯಾನ್ಮಾರ್‌ನಿಂದ ಓಡಿಬಂದ ಏಳು ಜನರಿಗೆ ದೆಹಲಿಗೆ ಹೋಗಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯ ಮುಂದೆ ಹಾಜರಾಗಲು ದಾರಿ ಮಾಡಿಕೊಟ್ಟಿತು. ಅದಕ್ಕೆ ಒಂದು ತಿಂಗಳು ಮೊದಲಷ್ಟೇ, ಏಪ್ರಿಲ್ 8ರಂದು, ಜಮ್ಮುವಿನ ರೋಹಿಂಗ್ಯಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಬೇರೆಯೇ ಧಾಟಿಯಲ್ಲಿ ಮಾತಾಡಿತ್ತು. 14 ಮತ್ತು 21 ಎಲ್ಲರಿಗೂ ಇದೆ, ಸರಿ. ಆದರೆ ಗಡೀಪಾರು ಆಗದಿರುವ ಹಕ್ಕು ವಾಸದ ಹಕ್ಕಿಗೆ ಅಂಟಿಕೊಂಡದ್ದು, ಅದು ಪ್ರಜೆಗಳಿಗೆ ಮಾತ್ರ ಎಂದಿತು. ನಿಗದಿಯಾದ ವಿಧಾನ ಪಾಲಿಸದೆ ಕಳಿಸಬೇಡಿ ಎಂದಷ್ಟೇ ಹೇಳಿತು. ಅದು ಮಧ್ಯಂತರ ಆದೇಶ, ಆದರೂ ಸರ್ಕಾರದ ವಕೀಲರು ಈಗ ಮೊದಲು ಓದುವುದು ಅದನ್ನೇ.

ಹಾಗಾಗಿ ಇಂದಿನ ಸ್ಥಿತಿಯಲ್ಲಿ 21ನೇ ವಿಧಿ ಕಾಯುವುದು ವಿಧಾನವನ್ನು, ವಾಸವನ್ನಲ್ಲ. ನನಗೆ ಇದು ಸಮಾಧಾನದ ಉತ್ತರ ಅಲ್ಲ. ಜೀವಕ್ಕೆ ಅಪಾಯವಿರುವ ಕಡೆಗೆ ಎಲ್ಲ ಕಾಗದ ಸರಿಯಾಗಿ ಮಾಡಿ ಕಳಿಸಿದರೂ ಜೀವ ಹೋಗುತ್ತದೆ.

1946ರ ವಿದೇಶಿಯರ ಕಾಯ್ದೆ ಈಗ ಇಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಸೆಪ್ಟೆಂಬರ್ 1ರಿಂದ ಬಂದಿದೆ. ನಾಲ್ಕು ಹಳೆಯ ಕಾಯ್ದೆಗಳು ಒಂದಾದವು. ಅಧಿಕಾರದ ತಿರುಳು ಅದೇ.

ಭಾರತವೂ ನಾಗರಿಕ ಹಕ್ಕುಗಳ ಒಡಂಬಡಿಕೆಗೆ ಸೇರಿದೆಯಲ್ಲ?

1979ರಲ್ಲೇ ಸೇರಿದೆ. ಅದರ 13ನೇ ವಿಧಿ, ಕಾನೂನುಬದ್ಧವಾಗಿ ಇರುವ ವಿದೇಶಿಯರನ್ನು ಹೊರಹಾಕುವ ಮುನ್ನ ಅವರ ಮಾತು ಕೇಳಬೇಕು, ಮರುಪರಿಶೀಲನೆಗೆ ಅವಕಾಶ ಕೊಡಬೇಕು ಎನ್ನುತ್ತದೆ. ಸೇರುವಾಗಲೇ ಭಾರತ ಈ ವಿಧಿಗೆ ಒಂದು ಸಾಲು ಸೇರಿಸಿತು: ವಿದೇಶಿಯರ ಬಗ್ಗೆ ನಮ್ಮ ಕಾನೂನನ್ನೇ ಅನ್ವಯಿಸುವ ಹಕ್ಕು ನಮಗಿರುತ್ತದೆ. ಒಪ್ಪಂದದಲ್ಲಿ ವಲಸಿಗರಿಗೆ ಹೆಚ್ಚು ಬೇಕಾದ ವಿಧಿಗೇ ಬೀಗ ಹಾಕಿದ ಹಾಗೆ. ಯಾವ ದೇಶದ ಒಪ್ಪಂದ ಓದಿದರೂ, ಆ ದೇಶ ಹೀಗೆ ಏನಾದರೂ ಷರತ್ತು ಹಾಕಿದೆಯೇ ಎಂದು ಜೊತೆಗೇ ನೋಡಿ.

ನಿರಾಶ್ರಿತರ ಒಡಂಬಡಿಕೆಗೆ ಭಾರತ ಸೇರಿಲ್ಲ. ಹಾಗಾದರೆ ಬೈಲಕುಪ್ಪೆ ಹೇಗಾಯಿತು?

1951ರ ಒಡಂಬಡಿಕೆಗೂ 1967ರ ಪ್ರೋಟೋಕಾಲ್‌ಗೂ ಭಾರತ ಸೇರಿಲ್ಲ, ನಿಜ. ಆದರೂ 1960ರ ದಶಕದ ಆರಂಭದಲ್ಲೇ ಆಗಿನ ಮೈಸೂರು ರಾಜ್ಯ ಟಿಬೆಟ್‌ನವರಿಗೆ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಯೂ ನೆಲೆಗಳಾದವು. ಒಪ್ಪಂದ ಇಲ್ಲದೆ, ಸರ್ಕಾರದ ಮನಸ್ಸಿನ ಮೇಲೆ ನಿಂತ ವ್ಯವಸ್ಥೆ ಇದು. ಮನಸ್ಸು ಇದ್ದಾಗ ಒಪ್ಪಂದಕ್ಕಿಂತ ಹೆಚ್ಚು ಸಿಗುತ್ತದೆ. ಮನಸ್ಸು ಬದಲಾದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಅಲ್ಲಿನ ಎರಡನೇ ತಲೆಮಾರಿಗೆ ಗಟ್ಟಿ ಹಕ್ಕು ಸಿಕ್ಕಿದ್ದು ನಮ್ಮದೇ ಪೌರತ್ವ ಕಾಯ್ದೆಯಿಂದ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ತಂದೆತಾಯಿ ಯಾರೇ ಆಗಿದ್ದರೂ ಹುಟ್ಟಿನಿಂದಲೇ ಪ್ರಜೆಗಳು. ಇದು ಟಿಬೆಟ್ ಮೂಲದವರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದವು.

ಗೋಕರ್ಣದ ಗುಹೆಯ ಕೇಸಿನಲ್ಲಿ ಹೈಕೋರ್ಟ್ ವಿಶ್ವಸಂಸ್ಥೆಯ ಒಡಂಬಡಿಕೆ ನೋಡಿತು ಎಂದು ಓದಿದ್ದೆವು. ಅದೇನು?

2025ರ ಜುಲೈನಲ್ಲಿ ಗೋಕರ್ಣದ ಬೆಟ್ಟದ ಗುಹೆಯಲ್ಲಿ ವೀಸಾ ಮುಗಿದ ವಿದೇಶಿ ತಾಯಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳು ಪೊಲೀಸರಿಗೆ ಸಿಕ್ಕಿದರು. ಕೂಡಲೇ ಗಡೀಪಾರಿನ ಮಾತು ಬಂತು. ಕೇಸು ಕರ್ನಾಟಕ ಹೈಕೋರ್ಟಿಗೆ ಬಂದಾಗ ಮಕ್ಕಳ ಹಕ್ಕುಗಳ ಒಡಂಬಡಿಕೆಯ ತತ್ವಗಳ ಪ್ರಸ್ತಾಪವಾಯಿತು. ಭಾರತ ಅದಕ್ಕೆ 1992ರಲ್ಲೇ ಸೇರಿದೆ. ಅವಸರದಲ್ಲಿ ಕಳಿಸಬೇಡಿ ಎಂದು ಕೋರ್ಟು ತಡೆಯಿತು. ತಾಯಿಗೇ ತನ್ನ ದೇಶಕ್ಕೆ ಹೋಗುವ ಮನಸ್ಸಿತ್ತು. ಸೆಪ್ಟೆಂಬರ್‌ನಲ್ಲಿ ಪ್ರಯಾಣದ ದಾಖಲೆ ಕೊಡಲು ಕೋರ್ಟು ಒಪ್ಪಿತು. ಟಿಯೋ ಪ್ರಕರಣದ ಧಾಟಿಯೇ ಇಲ್ಲೂ ಇದೆ, ಗಮನಿಸಿ. ಒಡಂಬಡಿಕೆಯ ಹೆಸರಲ್ಲಿ ಸಿಕ್ಕಿದ್ದು ಸಮಯ. ಇಬ್ಬರು ಮಕ್ಕಳ ವಿಷಯದಲ್ಲಿ ಅದು ಸಣ್ಣದೇನಲ್ಲ.

ದೇಶದ ಕೋರ್ಟುಗಳಲ್ಲಿ ಸೋತ ಮೇಲೆ ವಿಶ್ವಸಂಸ್ಥೆಗೆ ಹೋಗಬಹುದೇ?

ಆ ದೇಶ ವೈಯಕ್ತಿಕ ದೂರಿಗೆ ಒಪ್ಪಿದ್ದರೆ ಹೋಗಬಹುದು. ನಾಗರಿಕ ಹಕ್ಕುಗಳ ಒಡಂಬಡಿಕೆಯ ಮೊದಲ ಐಚ್ಛಿಕ ಪ್ರೋಟೋಕಾಲ್‌ಗೆ ಆಸ್ಟ್ರೇಲಿಯಾ, ಕೆನಡಾ ಸೇರಿವೆ. ಭಾರತ, ಬ್ರಿಟನ್, ಅಮೆರಿಕ ಸೇರಿಲ್ಲ. ಒಳಗಿನ ಕೋರ್ಟುಗಳ ದಾರಿ ಎಲ್ಲ ಮುಗಿದಿರಬೇಕು.

2001ರಲ್ಲಿ ವಿನಾಟಾ ಪ್ರಕರಣದಲ್ಲಿ ಮಾನವ ಹಕ್ಕುಗಳ ಸಮಿತಿ ಆಸ್ಟ್ರೇಲಿಯಾದ ತಪ್ಪು ಎತ್ತಿ ತೋರಿಸಿತು. ಅಲ್ಲೇ ಹುಟ್ಟಿ ಹದಿಮೂರು ವರ್ಷವಾದ, ಆಸ್ಟ್ರೇಲಿಯಾದ ಪ್ರಜೆಯಾದ ಮಗನಿರುವ ತಂದೆತಾಯಿಯನ್ನು ಕಳಿಸಲು ಬರೀ ವೀಸಾ ಮುಗಿದದ್ದು ಸಾಲದು, ಬೇರೆ ಬಲವಾದ ಕಾರಣ ಬೇಕು ಎಂದಿತು. 2011ರ ನಿಸ್ಟ್ರಾಮ್ ಪ್ರಕರಣದಲ್ಲಿ ಕೂಸಾಗಿದ್ದಾಗಲೇ ಬಂದು ಅಲ್ಲೇ ಬೆಳೆದ ವ್ಯಕ್ತಿಗೆ ಆಸ್ಟ್ರೇಲಿಯಾವೇ 'ಸ್ವಂತ ದೇಶ' ಎಂದಿತು. ಅವರನ್ನು ಅಷ್ಟರಲ್ಲಿ ಸ್ವೀಡನ್‌ಗೆ ಕಳಿಸಿ ಆಗಿತ್ತು, ಸರ್ಕಾರ ಸಮಿತಿಯ ಮಾತು ಒಪ್ಪಲೂ ಇಲ್ಲ. ಸಮಿತಿ ಹೇಳುವುದು ಅಭಿಪ್ರಾಯ, ಡಿಕ್ರಿ ಅಲ್ಲ. ಆದರೆ ದೂರು ಇತ್ಯರ್ಥ ಆಗುವ ತನಕ ಕಳಿಸಬೇಡಿ ಎಂದು ಸಮಿತಿ ಕೇಳಿದಾಗ ಹಲವು ಸರ್ಕಾರಗಳು ಕೇಳುತ್ತವೆ. ವಕೀಲರು ಅಲ್ಲಿಗೆ ಹೋಗುವುದು ಹೆಚ್ಚಾಗಿ ಅದಕ್ಕಾಗಿಯೇ.

ಮಗು ಅಲ್ಲಿನ ಪ್ರಜೆ. ನಮ್ಮನ್ನು ಕಳಿಸಲಾಗದು ಅಲ್ವಾ?

ಕಳಿಸಬಹುದು. ಮಗುವಿನ ಹಿತ ಒಂದು ಪ್ರಮುಖ ವಿಷಯ, ಒಂದೇ ವಿಷಯ ಅಲ್ಲ.

ಅರ್ಜಿಯಲ್ಲಿ ಒಪ್ಪಂದದ ಹೆಸರು ಬರೆಯಬೇಕೇ? ಮೊದಲು ಏನು ಮಾಡಬೇಕು?

ಬರೆಯಿರಿ, ಆದರೆ ಮೊದಲು ಆ ದೇಶದ ಕಾಯ್ದೆಯ ಸಾಲು, ಆಮೇಲೆ ಒಪ್ಪಂದ. ಹೆಸರಿಗಿಂತ ಪುರಾವೆ ಮುಖ್ಯ. ಮಗುವಿನ ಶಾಲೆಯ ಪತ್ರ, ವೈದ್ಯರ ವರದಿ, ಇಬ್ಬರಲ್ಲಿ ಯಾರು ಮಗುವನ್ನು ನೋಡಿಕೊಳ್ಳುತ್ತಾರೆ ಎಂಬ ವಿವರ, ವಾಪಸ್ ಹೋದರೆ ಏನು ತೊಂದರೆ ಎಂಬ ದಾಖಲೆ, ಎಲ್ಲವೂ ಮೊದಲ ಅರ್ಜಿಯಲ್ಲೇ ಇರಲಿ. ಮುಂದೆ ಕೋರ್ಟಿಗೆ ಹೋದರೂ ಅಲ್ಲಿ ಸಾಮಾನ್ಯವಾಗಿ ನೋಡುವುದು ಅಧಿಕಾರಿಯ ಮುಂದೆ ಏನಿತ್ತು ಎಂಬುದನ್ನೇ. ನಿರ್ಧಾರದ ಕಾರಣಗಳನ್ನು ಬರಹದಲ್ಲಿ ಕೇಳಿ. ಬೇಕರ್ ಗೆದ್ದದ್ದು ಆ ಟಿಪ್ಪಣಿ ಕೈಗೆ ಸಿಕ್ಕಿದ್ದರಿಂದ.

ಗಡುವು ಮಾತ್ರ ಯಾವ ಒಪ್ಪಂದಕ್ಕೂ ಕಾಯುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕಡ್ಡಾಯವಾಗಿ ರದ್ದಾದ ವೀಸಾ ವಾಪಸ್ ಕೇಳಲು 28 ದಿನ. ಅದನ್ನೂ ಅಧಿಕಾರಿ ನಿರಾಕರಿಸಿದರೆ ನ್ಯಾಯಮಂಡಳಿಗೆ ಹೋಗಲು ಬರೀ 9 ದಿನ. ಕೆನಡಾದ ಒಳಗೆ ಬಂದ ನಿರ್ಧಾರವನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಲು 15 ದಿನ, ಹೊರಗೆ ಬಂದದ್ದಾದರೆ 60. ಬ್ರಿಟನ್‌ನಲ್ಲಿ ಮೇಲ್ಮನವಿಗೆ ಒಳಗಿದ್ದರೆ 14 ದಿನ, ಹೊರಗಿದ್ದರೆ 28. ಈ ದಿನಗಳು ಬದಲಾಗುತ್ತಿರುತ್ತವೆ, ನಿಮ್ಮ ಪತ್ರದಲ್ಲಿ ಬರೆದಿರುವುದನ್ನೇ ನಂಬಿ. ಪತ್ರ ಬಂದ ದಿನಾಂಕವನ್ನು ಲಕೋಟೆಯ ಮೇಲೆ ಬರೆದಿಟ್ಟು, ಅವತ್ತೇ ವಕೀಲರಿಗೆ ಫೋನ್ ಮಾಡಿ.